ವಿಲೋ ಮರದ ತೊಗಟೆ

ವಿಲೋ ಮರದ ತೊಗಟೆಯು ಸೇಲಿಕ್ಸ್ ಕುಲಕ್ಕೆ ಸೇರಿದ ಮರಗಳ ಮತ್ತು ಪೊದೆಗಳ ಎಳೆಯ ಕೊಂಬೆಗಳಿಂದ ಸುಲಿದು ಒಣಗಿಸಿದ ತೊಗಟೆಯಾಗಿದೆ. ಯುರೋಪಿನ ಸಾಂಪ್ರದಾಯಿಕ ವೈದ್ಯದಲ್ಲಿ ಇದನ್ನು ಜ್ವರ, ಕೀಲುನೋವು ಮತ್ತು ಉರಿಯೂತಗಳಿಗೆ ಬಳಸಲಾಗುತ್ತಿತ್ತು. ಇದರಲ್ಲಿರುವ ಕಹಿಯಾದ ಸ್ಯಾಲಿಸಿನ್ ಎಂಬ ಸಂಯುಕ್ತವು ದೇಹದೊಳಗೆ ಸ್ಯಾಲಿಸಿಲಿಕ್ ಆಮ್ಲವಾಗಿ ಮಾರ್ಪಡುತ್ತದೆ. ಆಸ್ಪಿರಿನ್ ಔಷಧದ ಇತಿಹಾಸವು ಈ ತೊಗಟೆಯಿಂದಲೇ ಆರಂಭವಾಗುವುದರಿಂದ, ಇದನ್ನು "ಪ್ರಕೃತಿದತ್ತ ಆಸ್ಪಿರಿನ್" ಎಂದು ಕರೆಯುವ ರೂಢಿ ಬೆಳೆದಿದೆ. ಈ ಹೋಲಿಕೆ ಭಾಗಶಃ ಮಾತ್ರ ಸರಿಯಾದುದು.

1763ರಲ್ಲಿ ಪ್ರಕಟಗೊಂಡ ಮೊದಲ ಪರೀಕ್ಷೆಯಿಂದ ಇಂದಿನವರೆಗೆ ಈ ತೊಗಟೆಯನ್ನು ಹಲವು ವಿಧಗಳಲ್ಲಿ ಪರೀಕ್ಷಿಸಲಾಗಿದೆ. ಜನಪದ ಔಷಧವೊಂದು ಪ್ರಯೋಗಗಳ ಪರಿಶೀಲನೆಗೆ ಒಳಗಾಗುವ ಬಗೆಯನ್ನು ತಿಳಿಯಲು ಇಷ್ಟು ದೀರ್ಘವಾದ ದಾಖಲೆಯಿರುವ ಉದಾಹರಣೆಗಳು ವಿರಳ. ಬೆನ್ನಿನ ಕೆಳಭಾಗದ ನೋವಿನಲ್ಲಿ ಇದು ಅಲ್ಪಾವಧಿಗೆ ಪ್ರಯೋಜನಕಾರಿ ಎಂದು ಪರೀಕ್ಷೆಗಳು ತೋರಿಸಿವೆ. ರುಮಟಾಯ್ಡ್ ಸಂಧಿವಾತದಲ್ಲಿ ಅಂತಹ ಪ್ರಯೋಜನ ಸಾಬೀತಾಗಿಲ್ಲ. ಆದ್ದರಿಂದ "ತೊಗಟೆ ಕೆಲಸ ಮಾಡುತ್ತದೆಯೇ?" ಎಂಬ ಪ್ರಶ್ನೆಗೆ ಯಾವ ಕಾಯಿಲೆಗೆ, ಎಷ್ಟು ಪ್ರಮಾಣದಲ್ಲಿ, ಯಾವುದಕ್ಕೆ ಹೋಲಿಸಿದಾಗ ಎಂಬುದನ್ನು ಸೇರಿಸದೆ ಉತ್ತರ ಹೇಳಲಾಗದು.

ಸಸ್ಯ

ಸೇಲಿಕ್ಸ್ ಕುಲದಲ್ಲಿ ಸುಮಾರು 400 ಪ್ರಭೇದಗಳಿವೆ. ಇವುಗಳಲ್ಲಿ ಹೆಚ್ಚಿನವು ಉತ್ತರ ಗೋಳಾರ್ಧದ ತಂಪು ಪ್ರದೇಶಗಳಲ್ಲಿ, ನದಿ ಮತ್ತು ಜೌಗುಗಳ ಅಂಚಿನಲ್ಲಿ ಬೆಳೆಯುತ್ತವೆ. ಕ್ರಿಕೆಟ್ ಬ್ಯಾಟುಗಳಿಗೆ ಬಳಸುವ ಹಗುರವಾದ ಮರವೂ ಇದೇ ಕುಲದ ಬಿಳಿ ವಿಲೋ, ಅಂದರೆ ಸೇಲಿಕ್ಸ್ ಆಲ್ಬಾ ಎಂಬ ಪ್ರಭೇದದ್ದು. ಪಶ್ಚಿಮ ಘಟ್ಟಗಳ ಹೊಳೆದಂಡೆಗಳಲ್ಲಿ ಕಾಣಸಿಗುವ ನೀರಂಜಿ ಮರವು (ಸೇಲಿಕ್ಸ್ ಟೆಟ್ರಾಸ್ಪರ್ಮಾ) ಈ ಕುಲದ ದಕ್ಷಿಣ ಭಾರತದ ಪ್ರತಿನಿಧಿ. ಆದರೆ ಕೆಳಗೆ ವಿವರಿಸಿರುವ ಮಾನವ ಪರೀಕ್ಷೆಗಳು ಯುರೋಪಿನ ವಿಲೋಗಳಿಂದ ತಯಾರಿಸಿದ ಸಾರಗಳಿಗೆ ಸಂಬಂಧಿಸಿದವು. ಅವುಗಳ ಫಲಿತಾಂಶವನ್ನು ನೀರಂಜಿಗೆ ನೇರವಾಗಿ ಅನ್ವಯಿಸಲಾಗದು.

ಪ್ರಭೇದದ ವ್ಯತ್ಯಾಸಕ್ಕೆ ಇಲ್ಲಿ ವಿಶೇಷ ಮಹತ್ವವಿದೆ. ಸೇಲಿಕ್ಸ್ ಪರ್ಪ್ಯೂರಿಯಾ ಮತ್ತು ಸೇಲಿಕ್ಸ್ ಡ್ಯಾಫ್ನಾಯ್ಡೀಸ್ ಪ್ರಭೇದಗಳ ತೊಗಟೆಯಲ್ಲಿ ಸ್ಯಾಲಿಸಿನ್ ಮತ್ತು ಅದರ ಸಂಬಂಧಿ ಸಂಯುಕ್ತಗಳು ಹೇರಳವಾಗಿದ್ದರೆ, ಆಸ್ಪಿರಿನ್ ಕಥೆಯಲ್ಲಿ ಎಲ್ಲರೂ ಹೆಸರಿಸುವ ಬಿಳಿ ವಿಲೋದಲ್ಲಿ ಅವುಗಳ ಪ್ರಮಾಣ ಕಡಿಮೆ. ಋತು, ಕೊಂಬೆಯ ವಯಸ್ಸು ಮತ್ತು ಒಣಗಿಸುವ ವಿಧಾನಗಳಿಂದಲೂ ಇದು ಬದಲಾಗುತ್ತದೆ. ಈ ಕಾರಣದಿಂದ ಯುರೋಪಿಯನ್ ಔಷಧಕೋಶವು ಔಷಧಕ್ಕೆ ಬಳಸುವ ಒಣ ತೊಗಟೆಯಲ್ಲಿ ಸ್ಯಾಲಿಸಿನ್ ಲೆಕ್ಕದಲ್ಲಿ ಕನಿಷ್ಠ ಶೇ. 1.5ರಷ್ಟು ಸ್ಯಾಲಿಸಿಲಿಕ್ ಸಂಯುಕ್ತಗಳು ಇರಬೇಕೆಂದು ನಿಗದಿಪಡಿಸಿದೆ.

ಪ್ರಾಚೀನ ಬಳಕೆ

ಸುಮಾರು ಕ್ರಿ.ಪೂ. 1550ಕ್ಕೆ ಸೇರಿದ ಈಜಿಪ್ಟಿನ ಎಬರ್ಸ್ ಪಪೈರಸ್‌ನಲ್ಲಿ ವಿಲೋ ಮರದ ಉಲ್ಲೇಖವಿದೆ. ಕ್ರಿ.ಶ. ಮೊದಲನೆಯ ಶತಮಾನದ ಗ್ರೀಕ್ ವೈದ್ಯ ಡಯಾಸ್ಕೋರಿಡೀಸ್, ವಿಲೋದ ಕಷಾಯದಿಂದ ವಾತರಕ್ತದ ಕೀಲುಗಳಿಗೆ ಶಾಖ ಕೊಡುವುದನ್ನೂ ಸುಟ್ಟ ತೊಗಟೆಯನ್ನು ವಿನೆಗರ್‌ನಲ್ಲಿ ಕಲಸಿ ಆಣಿಗಳಿಗೆ ಹಚ್ಚುವುದನ್ನೂ ಬರೆದಿದ್ದಾರೆ. ಆಣಿ ಮತ್ತು ನರುಲಿಗಳಿಗೆ ಇಂದಿಗೂ ಸ್ಯಾಲಿಸಿಲಿಕ್ ಆಮ್ಲವನ್ನು ಹಚ್ಚುವುದರಿಂದ, ಪ್ರಾಚೀನರಿಗೆ ಇದರ ಗುಣ ತಿಳಿದಿತ್ತೆಂದು ಹಲವು ಬರಹಗಳು ವಾದಿಸುತ್ತವೆ. ಸುಟ್ಟು ಬೂದಿಯಾದ ತೊಗಟೆಯಲ್ಲಿ ಸ್ಯಾಲಿಸಿನ್ ಉಳಿಯುವುದಿಲ್ಲ ಎಂಬುದನ್ನು ಈ ವಾದವು ಗಮನಿಸುವುದಿಲ್ಲ.

ಹಿಪೊಕ್ರಟೀಸ್ ಹೆರಿಗೆಯ ನೋವಿಗೆ ವಿಲೋ ತೊಗಟೆಯನ್ನು ಅಗಿಯಲು ಹೇಳುತ್ತಿದ್ದರು ಎಂಬ ಮಾತಿಗೂ ಅವರ ಹೆಸರಿನಲ್ಲಿರುವ ಗ್ರಂಥಗಳಲ್ಲಿ ಸ್ಪಷ್ಟ ಆಧಾರ ದೊರೆಯುವುದಿಲ್ಲ. ಪ್ರಾಚೀನ ಬಳಕೆಗಳಲ್ಲಿ ಬಹುಪಾಲು ಮೈಮೇಲೆ ಹಚ್ಚುವ ವಿಧಾನಗಳಾಗಿದ್ದವು. ತೊಗಟೆಯನ್ನು ಅಳತೆಮಾಡಿ ಬಾಯಿಯ ಮೂಲಕ ಕೊಟ್ಟು, ಫಲಿತಾಂಶವನ್ನು ದಾಖಲಿಸಿದ ಪದ್ಧತಿ ಹದಿನೆಂಟನೆಯ ಶತಮಾನದ್ದು.

ಎಡ್ವರ್ಡ್ ಸ್ಟೋನ್ ಅವರ ಪರೀಕ್ಷೆ

ಎಡ್ವರ್ಡ್ ಸ್ಟೋನ್ ಅವರು ಇಂಗ್ಲೆಂಡಿನ ಆಕ್ಸ್‌ಫರ್ಡ್‌ಷೈರ್‌ನ ಚಿಪ್ಪಿಂಗ್ ನಾರ್ಟನ್ ಊರಿನ ಪಾದ್ರಿಯಾಗಿದ್ದರು. 1763ರ ಏಪ್ರಿಲ್ 25ರಂದು ಅವರು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷರಾಗಿದ್ದ ಮ್ಯಾಕಲ್ಸ್‌ಫೀಲ್ಡ್ ಅರ್ಲ್ ಅವರಿಗೆ ಪತ್ರವೊಂದನ್ನು ಬರೆದರು. ಚಳಿಜ್ವರವನ್ನು ಗುಣಪಡಿಸುವಲ್ಲಿ ವಿಲೋ ತೊಗಟೆ ಪಡೆದ ಯಶಸ್ಸು ಆ ಪತ್ರದ ವಿಷಯ. ಸೊಸೈಟಿಯ ಪತ್ರಿಕೆಯಲ್ಲಿ ಅದು ಪ್ರಕಟವಾದಾಗ ಲೇಖಕರ ಹೆಸರನ್ನು ತಪ್ಪಾಗಿ "ಎಡ್ಮಂಡ್" ಎಂದು ಮುದ್ರಿಸಲಾಯಿತು. ಈ ತಪ್ಪು ಇಂದಿಗೂ ಕೆಲವು ಪುಸ್ತಕಗಳಲ್ಲಿ ಉಳಿದುಕೊಂಡಿದೆ.

ಆ ಕಾಲದಲ್ಲಿ ಚಳಿಜ್ವರಕ್ಕೆ ದಕ್ಷಿಣ ಅಮೆರಿಕದ ಪೆರುವಿನಿಂದ ಬರುತ್ತಿದ್ದ ಸಿಂಕೋನಾ ತೊಗಟೆಯನ್ನು ಕೊಡಲಾಗುತ್ತಿತ್ತು. ಅದು ದುಬಾರಿಯಾಗಿತ್ತು. ಸ್ಟೋನ್ ಅವರು ಒಮ್ಮೆ ಆಕಸ್ಮಿಕವಾಗಿ ವಿಲೋ ತೊಗಟೆಯನ್ನು ಬಾಯಿಗೆ ಹಾಕಿಕೊಂಡಾಗ ಅದರ ವಿಪರೀತ ಕಹಿಯು ಸಿಂಕೋನಾವನ್ನು ನೆನಪಿಸಿತು. ಇನ್ನೊಂದು ನಂಬಿಕೆಯೂ ಅವರಿಗೆ ಪ್ರೇರಣೆಯಾಯಿತು. ರೋಗ ಹುಟ್ಟುವ ಸ್ಥಳದ ಸಮೀಪದಲ್ಲಿಯೇ ಅದರ ಮದ್ದೂ ಇರುತ್ತದೆ. ಚಳಿಜ್ವರ ಹೆಚ್ಚಾಗಿರುವ ತೇವದ ನೆಲದಲ್ಲಿಯೇ ವಿಲೋ ಬೆಳೆಯುತ್ತದೆ ಎಂಬುದು ಅವರ ತರ್ಕವಾಗಿತ್ತು.

ಅವರು ಸುಮಾರು ಒಂದು ಪೌಂಡ್ ತೊಗಟೆಯನ್ನು ಚೀಲದಲ್ಲಿ ತುಂಬಿ, ಬ್ರೆಡ್ ಸುಡುವ ಒಲೆಯ ಹೊರಮೈ ಮೇಲೆ ಮೂರು ತಿಂಗಳಿಗೂ ಹೆಚ್ಚು ಕಾಲ ಒಣಗಿಸಿ, ಕುಟ್ಟಿ ಜರಡಿ ಹಿಡಿದರು. ಮೊದಲ ರೋಗಿಗೆ ಎಚ್ಚರಿಕೆಯಿಂದ 20 ಗ್ರೇನ್, ಅಂದರೆ ಸುಮಾರು 1.3 ಗ್ರಾಂ ಪುಡಿಯನ್ನು ನಾಲ್ಕು ಗಂಟೆಗೊಮ್ಮೆ ಕೊಟ್ಟರು. ಜ್ವರ ತಗ್ಗಿತಾದರೂ ಬಿಡಲಿಲ್ಲ. ಪ್ರಮಾಣವನ್ನು ಒಂದು ಡ್ರಾಮ್‌ಗೆ, ಅಂದರೆ ಸುಮಾರು 4 ಗ್ರಾಂಗೆ ಏರಿಸಿದಾಗ ಜ್ವರ ನಿಂತಿತು. ಮುಂದಿನ ವರ್ಷಗಳಲ್ಲಿ ಸುಮಾರು 50 ಜನರಿಗೆ ಇದನ್ನು ಕೊಟ್ಟರು. ಕೆಲವು ಹಠಮಾರಿ ಜ್ವರಗಳಲ್ಲಿ, ವಿಶೇಷವಾಗಿ ಮೂರು ದಿನಗಳಿಗೊಮ್ಮೆ ಮರುಕಳಿಸುವ ಚಳಿಜ್ವರಗಳಲ್ಲಿ, ವಿಲೋ ಮಾತ್ರ ಸಾಲದೆ ಐದನೆಯ ಒಂದು ಭಾಗದಷ್ಟು ಸಿಂಕೋನಾ ಬೆರೆಸಬೇಕಾಯಿತು ಎಂಬುದನ್ನು ಅವರು ಮುಚ್ಚಿಡದೆ ಬರೆದಿದ್ದಾರೆ.

ಇಂದಿನ ದೃಷ್ಟಿಯಿಂದ ನೋಡಿದಾಗ ಈ ಪರೀಕ್ಷೆಯ ಗುಣದೋಷಗಳೆರಡೂ ಸ್ಪಷ್ಟವಾಗಿವೆ. ಕಡಿಮೆ ಪ್ರಮಾಣದಿಂದ ಆರಂಭಿಸಿ ಹಂತಹಂತವಾಗಿ ಏರಿಸಿದುದು, ತಯಾರಿಕೆಯನ್ನು ವಿವರಿಸಿದುದು, ವಿಫಲತೆಯನ್ನೂ ದಾಖಲಿಸಿದುದು ಅವರ ಹೆಗ್ಗಳಿಕೆ. ಆದರೆ ತೊಗಟೆ ತೆಗೆದುಕೊಳ್ಳದ ರೋಗಿಗಳ ಗುಂಪು ಹೋಲಿಕೆಗೆ ಇರಲಿಲ್ಲ. ಚಳಿಜ್ವರವಾದರೋ ಬಂದು ಹೋಗುವ ಸ್ವಭಾವದ್ದು, ಔಷಧವಿಲ್ಲದೆಯೂ ಇಳಿಯುತ್ತದೆ. ತೊಗಟೆಯಲ್ಲಿ ಶೇ. 1ರಷ್ಟು ಸ್ಯಾಲಿಸಿನ್ ಇತ್ತೆಂದು ಭಾವಿಸಿದರೆ, ದಿನಕ್ಕೆ ಆರು ಬಾರಿ ಒಂದೊಂದು ಡ್ರಾಮ್ ಕೊಟ್ಟರೂ ದೊರೆಯುವುದು ಸುಮಾರು 230 ಮಿಲಿಗ್ರಾಂ ಸ್ಯಾಲಿಸಿನ್. ಜ್ವರ ಇಳಿಸಲು ಇದು ಸಾಕಾಗುತ್ತಿತ್ತೇ ಎಂಬುದು ಅನುಮಾನಾಸ್ಪದ.

ಇದಕ್ಕಿಂತ ಗಂಭೀರವಾದ ವಿಷಯವೊಂದಿದೆ. ಅಂದಿನ ಚಳಿಜ್ವರಗಳಲ್ಲಿ ಅನೇಕವು ಮಲೇರಿಯಾ ಆಗಿದ್ದವು. ಸಿಂಕೋನಾದಲ್ಲಿರುವ ಕ್ವಿನೈನ್ ಮಲೇರಿಯಾದ ಪರೋಪಜೀವಿಯನ್ನು ಕೊಲ್ಲುತ್ತದೆ. ಸ್ಯಾಲಿಸಿನ್ ಹೆಚ್ಚೆಂದರೆ ಮೈಬಿಸಿಯನ್ನು ತಗ್ಗಿಸಬಲ್ಲದು, ಪರೋಪಜೀವಿಯನ್ನು ಮುಟ್ಟುವುದಿಲ್ಲ. ಎರಡೂ ತೊಗಟೆಗಳು ಕಹಿಯಾಗಿವೆ, ಎರಡೂ ಜ್ವರಕ್ಕೆ ಬಳಕೆಯಾಗಿವೆ ಎಂಬ ಸಾಮ್ಯದ ಹಿಂದೆ ಎರಡು ಬೇರೆಬೇರೆ ಕಾರ್ಯವಿಧಾನಗಳಿದ್ದವು. ಲಕ್ಷಣ ತಗ್ಗುವುದನ್ನೇ ರೋಗ ವಾಸಿಯಾಗುವುದೆಂದು ಎಣಿಸಿದರೆ ಆಗುವ ಅಪಾಯಕ್ಕೆ ಇದು ಹಳೆಯ ನಿದರ್ಶನ.

ಸ್ಯಾಲಿಸಿನ್‌ನಿಂದ ಆಸ್ಪಿರಿನ್‌ವರೆಗೆ

1828ರಲ್ಲಿ ಮ್ಯೂನಿಕ್‌ನ ಯೋಹಾನ್ ಬುಖ್ನರ್ ವಿಲೋ ತೊಗಟೆಯಿಂದ ಕಹಿಯಾದ ಹಳದಿ ಹರಳುಗಳನ್ನು ಬೇರ್ಪಡಿಸಿ, ಅದಕ್ಕೆ ಸ್ಯಾಲಿಸಿನ್ ಎಂದು ಹೆಸರಿಟ್ಟರು. ಮರುವರ್ಷ ಫ್ರಾನ್ಸಿನ ಆಂರಿ ಲರೂ ಒಂದೂವರೆ ಕಿಲೋಗ್ರಾಂ ತೊಗಟೆಯಿಂದ ಸುಮಾರು 30 ಗ್ರಾಂ ಶುದ್ಧ ಸ್ಯಾಲಿಸಿನ್ ಪಡೆದರು. ಇಟಲಿಯ ರಫಾಯೆಲೆ ಪಿರಿಯಾ 1838ರಲ್ಲಿ ಇದರಿಂದ ಸ್ಯಾಲಿಸಿಲಿಕ್ ಆಮ್ಲವನ್ನು ತಯಾರಿಸಿದರು.

ತೊಗಟೆಯ ಸಂಯುಕ್ತವೊಂದನ್ನು ಉರಿಯೂತದ ಕಾಯಿಲೆಗೆ ಕ್ರಮಬದ್ಧವಾಗಿ ಪರೀಕ್ಷಿಸಿದ ಕೀರ್ತಿ ಸ್ಕಾಟ್ಲೆಂಡಿನ ಡಂಡಿ ನಗರದ ವೈದ್ಯ ಥಾಮಸ್ ಮ್ಯಾಕ್ಲಗನ್ ಅವರಿಗೆ ಸಲ್ಲುತ್ತದೆ. ಅವರು ಶುದ್ಧ ಸ್ಯಾಲಿಸಿನ್ ಅನ್ನು ಮೊದಲು ತಾವೇ ಸೇವಿಸಿ ನೋಡಿ, ಬಳಿಕ ಕೀಲುಗಳು ಊದಿಕೊಂಡು ತೀವ್ರ ಜ್ವರದಿಂದ ನರಳುತ್ತಿದ್ದ ಸಂಧಿವಾತಜ್ವರದ ರೋಗಿಗಳಿಗೆ ಕೊಟ್ಟರು. ಜ್ವರವೂ ಕೀಲುಗಳ ಊತವೂ ಬೇಗನೆ ಇಳಿದುದನ್ನು 1876ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿ ಮಾಡಿದರು. ವಿಲೋವನ್ನು ಆಯ್ದುಕೊಳ್ಳಲು ಅವರು ಕೊಟ್ಟ ಕಾರಣ ಸ್ಟೋನ್ ಅವರದನ್ನೇ ಹೋಲುತ್ತದೆ: ತೇವದ ಹವೆಯಲ್ಲಿ ಬರುವ ರೋಗಕ್ಕೆ ತೇವದ ನೆಲದ ಮರದಲ್ಲಿ ಮದ್ದು. ಕಾರಣ ತಪ್ಪಾಗಿದ್ದರೂ ಪರೀಕ್ಷೆ ಸರಿಯಾಗಿದ್ದುದರಿಂದ ಫಲ ದೊರೆಯಿತು.

ಇಲ್ಲಿ ಗಮನಿಸಬೇಕಾದುದು ಪ್ರಮಾಣ. ಮ್ಯಾಕ್ಲಗನ್ ಅವರ ರೋಗಿಗಳು ದಿನಕ್ಕೆ ಹಲವು ಗ್ರಾಂ ಸ್ಯಾಲಿಸಿನ್ ಸೇವಿಸಿದರು. ಶೇ. 1ರಷ್ಟು ಸ್ಯಾಲಿಸಿನ್ ಇರುವ ತೊಗಟೆಯಿಂದ 5 ಗ್ರಾಂ ಪಡೆಯಬೇಕಾದರೆ ಅರ್ಧ ಕಿಲೋಗ್ರಾಂ ಪುಡಿಯನ್ನು ಒಂದೇ ದಿನದಲ್ಲಿ ನುಂಗಬೇಕು. ಶುದ್ಧೀಕರಣದಿಂದ ಸಾಧ್ಯವಾದುದನ್ನು ಕಷಾಯದಿಂದ ಸಾಧಿಸಲಾಗುತ್ತಿರಲಿಲ್ಲ.

ಅಷ್ಟರಲ್ಲಿ ಹರ್ಮನ್ ಕೋಲ್ಬೆ ಅವರ ವಿಧಾನದಿಂದ ಫೀನಾಲ್ ಬಳಸಿ ಸ್ಯಾಲಿಸಿಲಿಕ್ ಆಮ್ಲವನ್ನು ಕಾರ್ಖಾನೆಯಲ್ಲಿ ಅಗ್ಗವಾಗಿ ತಯಾರಿಸುವುದು ಸಾಧ್ಯವಾಗಿತ್ತು. ತೊಗಟೆಯ ಅಗತ್ಯ ಅಲ್ಲಿಗೆ ಮುಗಿಯಿತು. ಈ ಆಮ್ಲವು ಹೊಟ್ಟೆಯನ್ನು ಕೆರಳಿಸುತ್ತಿದ್ದುದರಿಂದ, ಜರ್ಮನಿಯ ಬಾಯರ್ ಕಂಪನಿಯಲ್ಲಿ 1897ರಲ್ಲಿ ಫೆಲಿಕ್ಸ್ ಹಾಫ್ಮನ್ ಅಸಿಟೈಲ್ ಗುಂಪನ್ನು ಸೇರಿಸಿ ಅಸಿಟೈಲ್ ಸ್ಯಾಲಿಸಿಲಿಕ್ ಆಮ್ಲವನ್ನು ಶುದ್ಧರೂಪದಲ್ಲಿ ತಯಾರಿಸಿದರು. ಇದರ ಶ್ರೇಯಸ್ಸಿನಲ್ಲಿ ತಮ್ಮ ಪಾಲೂ ಇದೆಯೆಂದು ಆರ್ಥರ್ ಐಖೆನ್‌ಗ್ರ್ಯೂನ್ ಮುಂದೆ ಹೇಳಿದರು. 1899ರಲ್ಲಿ ನೋಂದಾಯಿಸಿದ "ಆಸ್ಪಿರಿನ್" ಎಂಬ ಹೆಸರಿನ ಮೂಲವೂ ವಿಲೋ ಅಲ್ಲ. ಸ್ಪೈರಿಯಾ ಎಂಬ ಹೂಗಿಡ. ಹೀಗಾಗಿ ಆಸ್ಪಿರಿನ್ ಮಾತ್ರೆಯನ್ನು ವಿಲೋ ತೊಗಟೆಯಿಂದ ತೆಗೆಯುತ್ತಾರೆ ಎಂಬ ಜನಪ್ರಿಯ ಹೇಳಿಕೆ ಸರಿಯಲ್ಲ.

ದೇಹದಲ್ಲಿ ಕ್ರಿಯೆ

ಸ್ಯಾಲಿಸಿನ್ ಸ್ವತಃ ನೋವು ನಿವಾರಕವಲ್ಲ. ಅದರ ಅಣುವಿಗೆ ಗ್ಲೂಕೋಸ್ ಅಂಟಿಕೊಂಡಿರುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಗ್ಲೂಕೋಸ್ ಅನ್ನು ಬೇರ್ಪಡಿಸಿದಾಗ ಸ್ಯಾಲಿಜೆನಿನ್ ಉಂಟಾಗಿ, ರಕ್ತಕ್ಕೆ ಸೇರಿ, ಯಕೃತ್ತಿನಲ್ಲಿ ಸ್ಯಾಲಿಸಿಲಿಕ್ ಆಮ್ಲವಾಗುತ್ತದೆ. ಹೊಟ್ಟೆಯನ್ನು ದಾಟಿದ ಮೇಲೆ ಈ ಮಾರ್ಪಾಡು ನಡೆಯುವುದರಿಂದ ಜಠರಕ್ಕೆ ಆಗುವ ಕೆರಳಿಕೆ ಆಸ್ಪಿರಿನ್‌ಗಿಂತ ಕಡಿಮೆ.

ಆಸ್ಪಿರಿನ್ ಮತ್ತು ಅಂಥ ಔಷಧಗಳು ಪ್ರೋಸ್ಟಗ್ಲಾಂಡಿನ್‌ಗಳ ಉತ್ಪತ್ತಿಯನ್ನು ತಡೆಯುತ್ತವೆ ಎಂಬುದನ್ನು 1971ರಲ್ಲಿ ಜಾನ್ ವೇನ್ ತೋರಿಸಿಕೊಟ್ಟರು. ನೋವು, ಊತ ಮತ್ತು ಜ್ವರಗಳಲ್ಲಿ ಪಾತ್ರ ವಹಿಸುವ ಈ ರಾಸಾಯನಿಕಗಳನ್ನು ಸೈಕ್ಲೋಆಕ್ಸಿಜನೇಸ್ ಎಂಬ ಕಿಣ್ವವು ತಯಾರಿಸುತ್ತದೆ. ಈ ಕ್ಷೇತ್ರದ ಸಂಶೋಧನೆಗಾಗಿ ವೇನ್ ಅವರು ಸೂನೆ ಬರ್ಗ್‌ಸ್ಟ್ರೋಮ್ ಮತ್ತು ಬೆಂಗ್ಟ್ ಸ್ಯಾಮ್ಯುಯಲ್‌ಸನ್ ಅವರೊಂದಿಗೆ 1982ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು.

ಆಸ್ಪಿರಿನ್ ತನ್ನ ಅಸಿಟೈಲ್ ಗುಂಪನ್ನು ಕಿಣ್ವಕ್ಕೆ ಶಾಶ್ವತವಾಗಿ ಅಂಟಿಸುತ್ತದೆ. ಆದ್ದರಿಂದಲೇ ರಕ್ತದ ಪ್ಲೇಟ್‌ಲೆಟ್‌ಗಳು ತಮ್ಮ ಆಯುಷ್ಯವಿರುವವರೆಗೆ ಒಂದಕ್ಕೊಂದು ಅಂಟಿಕೊಳ್ಳುವ ಶಕ್ತಿಯನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತವೆ. ತೊಗಟೆಯಲ್ಲಿ ಅಸಿಟೈಲ್ ಗುಂಪು ಇಲ್ಲ. ಹೃದಯಾಘಾತ ತಡೆಯಲು ವೈದ್ಯರು ಕೊಟ್ಟ ಆಸ್ಪಿರಿನ್ ಬದಲಿಗೆ ವಿಲೋ ತೊಗಟೆಯನ್ನು ತೆಗೆದುಕೊಳ್ಳುವವರಿಗೆ ಆ ರಕ್ಷಣೆ ದೊರೆಯುವುದಿಲ್ಲ.

ಪ್ರಮಾಣದ ಲೆಕ್ಕವು ಇನ್ನೊಂದು ಒಗಟನ್ನು ಮುಂದಿಡುತ್ತದೆ. 240 ಮಿಲಿಗ್ರಾಂ ಸ್ಯಾಲಿಸಿನ್ ಇರುವ ಸಾರವನ್ನು ಸ್ವಯಂಸೇವಕರಿಗೆ ಕೊಟ್ಟು ರಕ್ತ ಪರೀಕ್ಷಿಸಿದಾಗ, ದೊರೆತ ಸ್ಯಾಲಿಸಿಲೇಟ್‌ನ ಮೊತ್ತ ಕೇವಲ 87 ಮಿಲಿಗ್ರಾಂ ಆಸ್ಪಿರಿನ್‌ಗೆ ಸಮನಾಗಿತ್ತು. ತಲೆನೋವಿಗೆ ವಯಸ್ಕರು ಸಾಮಾನ್ಯವಾಗಿ ನುಂಗುವ ಆಸ್ಪಿರಿನ್ 300ರಿಂದ 650 ಮಿಲಿಗ್ರಾಂ. ಉರಿಯೂತ ತಗ್ಗಿಸಲು ದಿನಕ್ಕೆ ಗ್ರಾಂಗಳ ಲೆಕ್ಕದಲ್ಲಿ ಬೇಕಾಗುತ್ತದೆ. ಆದ್ದರಿಂದ ತೊಗಟೆಯಿಂದ ನೋವು ಶಮನವಾಗುವುದಾದರೆ ಅದು ಸ್ಯಾಲಿಸಿನ್ ಒಂದರಿಂದಲೇ ಆಗಿರಲಾರದು. ತೊಗಟೆಯಲ್ಲಿರುವ ಫ್ಲೇವನಾಯ್ಡ್‌ಗಳು ಮತ್ತು ಪಾಲಿಫೀನಾಲ್‌ಗಳು ಇದರಲ್ಲಿ ಪಾಲ್ಗೊಳ್ಳುತ್ತವೆ ಎಂದು ಸಂಶೋಧಕರು ಊಹಿಸುತ್ತಾರೆ.

ಪ್ರಯೋಗಾಲಯದ ಪರೀಕ್ಷೆಗಳು

ವಿಲೋ ಆಗಲಿ, ಬೇರಾವುದೇ ಮರದ ತೊಗಟೆಯಾಗಲಿ, ಪರೀಕ್ಷೆಯ ಮೊದಲ ಹೆಜ್ಜೆ ಗುರುತು. ಸಸ್ಯಶಾಸ್ತ್ರಜ್ಞರು ಪ್ರಭೇದವನ್ನು ಖಚಿತಪಡಿಸಿ, ಒಣಗಿಸಿದ ಮಾದರಿಯೊಂದನ್ನು ಸಸ್ಯಸಂಗ್ರಹಾಲಯದಲ್ಲಿ ಇರಿಸಬೇಕು. ಅನಂತರ ನೀರು ಅಥವಾ ಮದ್ಯಸಾರದಲ್ಲಿ ಸಾರ ತೆಗೆಯಲಾಗುತ್ತದೆ. ನೀರಿನ ಸಾರಕ್ಕೂ ಮದ್ಯಸಾರದ ಸಾರಕ್ಕೂ ಘಟಕಗಳಲ್ಲಿ ವ್ಯತ್ಯಾಸವಿರುವುದರಿಂದ, ಒಂದರ ಫಲಿತಾಂಶ ಇನ್ನೊಂದಕ್ಕೆ ಹೊಂದದು. ಜನರು ಕಷಾಯ ಕುಡಿಯುತ್ತಿದ್ದು ಪ್ರಯೋಗ ಮದ್ಯಸಾರದ ಸಾರದ ಮೇಲೆ ನಡೆದಿದ್ದರೆ, ಪರೀಕ್ಷೆಗೊಳಗಾದುದು ಜನರ ಔಷಧವಲ್ಲ.

ಜೀವಕೋಶಗಳ ಪರೀಕ್ಷೆಯಲ್ಲಿ ಸಾರವು ಸೈಕ್ಲೋಆಕ್ಸಿಜನೇಸ್ ಕಿಣ್ವವನ್ನು ಅಥವಾ ಉರಿಯೂತದ ಸಂಕೇತವಾಹಕಗಳನ್ನು ತಡೆಯುತ್ತದೆಯೇ ಎಂದು ನೋಡಲಾಗುತ್ತದೆ. ಗಾಜಿನ ಬಟ್ಟಲಿನಲ್ಲಿ ಕರುಳಿನ ಬ್ಯಾಕ್ಟೀರಿಯಾವೂ ಇಲ್ಲ, ಯಕೃತ್ತೂ ಇಲ್ಲ. ಹೀಗಾಗಿ ದೇಹದಲ್ಲಿ ಸಕ್ರಿಯವಾಗುವ ಸ್ಯಾಲಿಸಿನ್ ಅಲ್ಲಿ ನಿಷ್ಕ್ರಿಯವಾಗಿ ಕಾಣಬಹುದು. ದೇಹಕ್ಕೆ ಹೀರಲ್ಪಡದ ಟ್ಯಾನಿನ್ ಅಲ್ಲಿ ಪ್ರಬಲವಾಗಿ ಕಾಣಬಹುದು.

ಪ್ರಾಣಿಗಳಲ್ಲಿ ಉರಿಯೂತವನ್ನು ಅಳೆಯಲು ಹೆಚ್ಚು ಬಳಕೆಯಲ್ಲಿರುವುದು ಇಲಿಯ ಪಾದದ ಊತದ ಪರೀಕ್ಷೆ. ಇದನ್ನು 1962ರಲ್ಲಿ ವಿಂಟರ್ ಮತ್ತು ಸಂಗಡಿಗರು ರೂಪಿಸಿದರು. ಕಡಲಪಾಚಿಯಿಂದ ದೊರೆಯುವ ಕ್ಯಾರಜೀನನ್‌ನ ಶೇ. 1ರ ದ್ರಾವಣವನ್ನು 0.1 ಮಿಲಿಲೀಟರ್‌ನಷ್ಟು ಹಿಂಗಾಲಿನ ಪಾದಕ್ಕೆ ಚುಚ್ಚಿದಾಗ ಕೆಲವೇ ಗಂಟೆಗಳಲ್ಲಿ ಪಾದ ಊದಿಕೊಳ್ಳುತ್ತದೆ. ಪಾದವನ್ನು ದ್ರವದಲ್ಲಿ ಅದ್ದಿ, ಸ್ಥಳಾಂತರಗೊಂಡ ದ್ರವದಿಂದ ಊತವನ್ನು ಅಳೆಯುತ್ತಾರೆ. ಒಂದು ಗುಂಪಿಗೆ ಸಾರ, ಇನ್ನೊಂದಕ್ಕೆ ಬರಿಯ ದ್ರಾವಕ, ಮತ್ತೊಂದಕ್ಕೆ ಇಂಡೋಮೆಥಾಸಿನ್‌ನಂತಹ ಪರಿಚಿತ ಔಷಧ ಕೊಟ್ಟು ಹೋಲಿಸಲಾಗುತ್ತದೆ. ಮೊದಲ ಗಂಟೆಯ ಊತದಲ್ಲಿ ಹಿಸ್ಟಮಿನ್ ಮತ್ತು ಸೆರೊಟೋನಿನ್‌ಗಳ ಪಾತ್ರ ಹಿರಿದು. ಪ್ರೋಸ್ಟಗ್ಲಾಂಡಿನ್‌ಗಳದು ಅನಂತರದ ಹಂತ. ಯಾವ ಗಂಟೆಯಲ್ಲಿ ಊತ ತಗ್ಗಿತು ಎಂಬುದು ಸಾರದ ಕಾರ್ಯವಿಧಾನದ ಸುಳಿವು ಕೊಡುತ್ತದೆ.

ನೋವಿಗೆ ಬೇರೆ ಪರೀಕ್ಷೆಗಳಿವೆ. ಬಿಸಿ ತಟ್ಟೆಯ ಮೇಲೆ ನಿಂತ ಇಲಿ ಎಷ್ಟು ಸೆಕೆಂಡುಗಳಲ್ಲಿ ಪಾದ ನೆಕ್ಕುತ್ತದೆ ಅಥವಾ ಜಿಗಿಯುತ್ತದೆ, ಬಾಲಕ್ಕೆ ಶಾಖ ತಗುಲಿದಾಗ ಎಷ್ಟು ಬೇಗ ಸರಿಸುತ್ತದೆ ಎಂಬವು ಮಾರ್ಫಿನ್‌ನಂತೆ ನರಮಂಡಲದ ಕೇಂದ್ರದಲ್ಲಿ ಕೆಲಸ ಮಾಡುವ ಔಷಧಗಳನ್ನು ಚೆನ್ನಾಗಿ ಗುರುತಿಸುತ್ತವೆ. ಹೊಟ್ಟೆಯೊಳಗೆ ಅಸಿಟಿಕ್ ಆಮ್ಲ ಚುಚ್ಚಿ, ಇಲಿ ಎಷ್ಟು ಬಾರಿ ಮೈ ಸೆಟೆಸಿಕೊಳ್ಳುತ್ತದೆಂದು ಎಣಿಸುವ ಪರೀಕ್ಷೆ ಆಸ್ಪಿರಿನ್ ಬಗೆಯ ಔಷಧಗಳನ್ನೂ ಪತ್ತೆಹಚ್ಚುತ್ತದೆ. ಪಾದಕ್ಕೆ ಫಾರ್ಮಲಿನ್ ಚುಚ್ಚುವ ಪರೀಕ್ಷೆಯಲ್ಲಿ ಎರಡು ಹಂತಗಳಿದ್ದು, ತಕ್ಷಣದ ನೋವನ್ನೂ ಅನಂತರದ ಉರಿಯೂತದ ನೋವನ್ನೂ ಬೇರೆಬೇರೆಯಾಗಿ ಅಳೆಯಬಹುದು. ಈ ಪರೀಕ್ಷೆಗಳಲ್ಲಿ ಪ್ರಾಣಿಗಳು ನಿಜವಾದ ನೋವನ್ನು ಅನುಭವಿಸುತ್ತವೆ. ಅದರಿಂದಾಗಿ ಭಾರತದಲ್ಲಿ ಇವನ್ನು ಕೈಗೊಳ್ಳುವ ಮುನ್ನ ಸಾಂಸ್ಥಿಕ ಪ್ರಾಣಿ ನೈತಿಕ ಸಮಿತಿಯ ಅನುಮತಿ ಕಡ್ಡಾಯ.

ಫಲಿತಾಂಶಗಳು ದಾರಿತಪ್ಪಿಸುವ ಸಂದರ್ಭಗಳು ಹಲವು. ಸಾರವು ಇಲಿಯನ್ನು ಮಂಪರಿಗೆ ತಳ್ಳಿದ್ದರೆ ನೋವು ಇದ್ದರೂ ಅದು ಕದಲದು. ನೋಡುವವರಿಗೆ ನೋವು ನಿವಾರಣೆಯಾದಂತೆ ತೋರುತ್ತದೆ. ಇದನ್ನು ಕಂಡುಹಿಡಿಯಲು ತಿರುಗುವ ದಂಡದ ಮೇಲೆ ಇಲಿ ಸಮತೋಲ ಕಾಯ್ದುಕೊಳ್ಳುವುದೇ ಎಂದು ಪ್ರತ್ಯೇಕವಾಗಿ ಪರೀಕ್ಷಿಸಬೇಕು. ಟ್ಯಾನಿನ್ ತುಂಬಿದ ತೊಗಟೆಯ ಸಾರವನ್ನು ಬಾಯಿಯ ಮೂಲಕ ಕೊಡದೆ ಹೊಟ್ಟೆಗೆ ಚುಚ್ಚಿದರೆ, ಅಲ್ಲಿ ಉಂಟಾಗುವ ಕೆರಳಿಕೆಯಿಂದಲೇ ಪಾದದ ಊತ ಕಡಿಮೆಯಾಗಬಲ್ಲದು. ಪ್ರಮಾಣವೂ ದೊಡ್ಡ ತೊಡಕು. ಇಲಿಯ ದೇಹತೂಕದ ಕಿಲೋಗ್ರಾಂಗೆ 400 ಮಿಲಿಗ್ರಾಂ ಸಾರ ಕೊಟ್ಟು ಪರಿಣಾಮ ಕಂಡರೆ, ದೇಹದ ಮೇಲ್ಮೈಯನ್ನು ಆಧರಿಸಿದ ಪರಿವರ್ತನೆಯ ಪ್ರಕಾರ 60 ಕಿಲೋಗ್ರಾಂ ತೂಕದ ಮನುಷ್ಯನಿಗೆ ಅದು ಸುಮಾರು 4 ಗ್ರಾಂ ಸಾರವಾಗುತ್ತದೆ. ಅಷ್ಟು ಸಾರಕ್ಕೆ ಅದರ ಹಲವು ಪಟ್ಟು ತೊಗಟೆ ಬೇಕು. "ಸಾಂಪ್ರದಾಯಿಕ ಬಳಕೆ ದೃಢಪಟ್ಟಿದೆ" ಎಂದು ಮುಗಿಯುವ ಅನೇಕ ಪ್ರಬಂಧಗಳು ಈ ಲೆಕ್ಕವನ್ನು ಮಾಡುವುದಿಲ್ಲ.

ಮಾನವರಲ್ಲಿ ಪರೀಕ್ಷೆಗಳು

ನೋವು ಅನುಭವಿಸುವವರ ಮಾತಿನಿಂದಲೇ ತಿಳಿಯಬೇಕಾದುದು. ಔಷಧ ದೊರೆಯಿತೆಂಬ ನಂಬಿಕೆಯಿಂದಲೂ ಅದು ತಗ್ಗುತ್ತದೆ. ಆದಕಾರಣ ಒಂದು ಗುಂಪಿಗೆ ಪ್ಲಸೀಬೊ, ಅಂದರೆ ಔಷಧದಂತೆಯೇ ಕಾಣುವ ಆದರೆ ಔಷಧಾಂಶವಿಲ್ಲದ ಮಾತ್ರೆಯನ್ನು ಕೊಡಲಾಗುತ್ತದೆ. ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿ, ರೋಗಿಗೂ ವೈದ್ಯರಿಗೂ ತಿಳಿಸದೆ ಇಡಲಾಗುತ್ತದೆ. ಬಾಯಿಗಿಟ್ಟೊಡನೆ ಗುರುತು ಹತ್ತುವ ವಿಲೋ ಕಷಾಯದ ಕಹಿಯನ್ನು ಹೀಗೆ ಮರೆಮಾಡುವುದು ಕಷ್ಟ. ಆಧುನಿಕ ಪರೀಕ್ಷೆಗಳು ಲೇಪನವುಳ್ಳ ಮಾತ್ರೆಗಳನ್ನು ಬಳಸಿದುದಕ್ಕೆ ಇದೂ ಒಂದು ಕಾರಣ.

ಸಿಗ್ರುನ್ ಖ್ರುಬಾಸಿಕ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪರೀಕ್ಷೆ ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು. ದೀರ್ಘಕಾಲದ ಬೆನ್ನುನೋವು ಉಲ್ಬಣಿಸಿದ್ದ 210 ರೋಗಿಗಳನ್ನು ಮೂರು ಸಮಾನ ಗುಂಪುಗಳಾಗಿ ವಿಂಗಡಿಸಿ, ನಾಲ್ಕು ವಾರಗಳ ಕಾಲ ದಿನಕ್ಕೆ 240 ಮಿಲಿಗ್ರಾಂ ಸ್ಯಾಲಿಸಿನ್ ಇರುವ ಸಾರ, 120 ಮಿಲಿಗ್ರಾಂ ಇರುವ ಸಾರ ಅಥವಾ ಪ್ಲಸೀಬೊ ಕೊಡಲಾಯಿತು. ನೋವು ತಾಳಲಾಗದವರಿಗೆ ಟ್ರಮಡಾಲ್ ಮಾತ್ರೆ ಲಭ್ಯವಿತ್ತು. ಕೊನೆಯ ವಾರದಲ್ಲಿ ಅದನ್ನು ಬಳಸದೆ ಕನಿಷ್ಠ ಐದು ದಿನ ನೋವಿಲ್ಲದೆ ಕಳೆದವರ ಪ್ರಮಾಣ ಹೆಚ್ಚಿನ ಪ್ರಮಾಣದ ಗುಂಪಿನಲ್ಲಿ ಶೇ. 39, ಕಡಿಮೆ ಪ್ರಮಾಣದ ಗುಂಪಿನಲ್ಲಿ ಶೇ. 21, ಪ್ಲಸೀಬೊ ಗುಂಪಿನಲ್ಲಿ ಶೇ. 6. ಪ್ರಮಾಣ ಏರಿದಂತೆ ಪರಿಣಾಮವೂ ಏರಿದುದು ಈ ಫಲಿತಾಂಶಕ್ಕೆ ಬಲ ಕೊಡುತ್ತದೆ. ಆದರೂ ಶೇ. 39 ಎಂದರೆ, ಹೆಚ್ಚಿನ ಪ್ರಮಾಣ ಪಡೆದವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಜನ ಆ ಮಟ್ಟದ ಉಪಶಮನ ಪಡೆಯಲಿಲ್ಲ.

ಮೂಳೆ ಸವೆತದ ಸಂಧಿವಾತದ ವಿಷಯದಲ್ಲಿ ಚಿತ್ರ ಅಸ್ಪಷ್ಟವಾಗಿದೆ. ಜರ್ಮನಿಯಲ್ಲಿ 78 ರೋಗಿಗಳ ಮೇಲೆ ನಡೆದು 2001ರಲ್ಲಿ ಪ್ರಕಟವಾದ ಎರಡು ವಾರಗಳ ಪರೀಕ್ಷೆಯಲ್ಲಿ ನೋವಿನ ಅಂಕವು ವಿಲೋ ಗುಂಪಿನಲ್ಲಿ ಶೇ. 14ರಷ್ಟು ಇಳಿದು, ಪ್ಲಸೀಬೊ ಗುಂಪಿನಲ್ಲಿ ಶೇ. 2ರಷ್ಟು ಏರಿತು. 2004ರಲ್ಲಿ ಪ್ರಕಟವಾದ ಇನ್ನೊಂದು ಪರೀಕ್ಷೆ ಇದಕ್ಕಿಂತ ಕಠಿಣವಾಗಿತ್ತು. ಮಂಡಿ ಅಥವಾ ಸೊಂಟದ ಕೀಲು ಸವೆದಿದ್ದ 127 ರೋಗಿಗಳಿಗೆ ಆರು ವಾರ ಕಾಲ ವಿಲೋ ಸಾರ, ಡೈಕ್ಲೋಫೆನಾಕ್ ಅಥವಾ ಪ್ಲಸೀಬೊ ಕೊಡಲಾಯಿತು. ನೋವಿನ ಅಂಕವು ಡೈಕ್ಲೋಫೆನಾಕ್ ಗುಂಪಿನಲ್ಲಿ ಶೇ. 47, ವಿಲೋ ಗುಂಪಿನಲ್ಲಿ ಶೇ. 17, ಪ್ಲಸೀಬೊ ಗುಂಪಿನಲ್ಲಿ ಶೇ. 10ರಷ್ಟು ಇಳಿಯಿತು. ವಿಲೋ ಮತ್ತು ಪ್ಲಸೀಬೊ ನಡುವಿನ ಅಂತರ ಸಂಖ್ಯಾಶಾಸ್ತ್ರದ ಪ್ರಕಾರ ಅರ್ಥಪೂರ್ಣವಾಗಿರಲಿಲ್ಲ. ಇಲ್ಲಿ ಮೂರನೆಯ ಗುಂಪಿನ ಮಹತ್ವ ಗಮನಾರ್ಹ. ಡೈಕ್ಲೋಫೆನಾಕ್ ಗುಂಪು ಇಲ್ಲದಿದ್ದರೆ, ಪರೀಕ್ಷೆಯೇ ಸೂಕ್ಷ್ಮವಾಗಿರಲಿಲ್ಲವೆಂದು ಹೇಳಲು ಅವಕಾಶವಿರುತ್ತಿತ್ತು. ಅದೇ ತಂಡವು ರುಮಟಾಯ್ಡ್ ಸಂಧಿವಾತದ 26 ರೋಗಿಗಳಲ್ಲಿ ನಡೆಸಿದ ಸಣ್ಣ ಪರೀಕ್ಷೆಯಲ್ಲಿಯೂ ವಿಲೋ ಪ್ಲಸೀಬೊವನ್ನು ಮೀರಿಸಲಿಲ್ಲ.

ಬೆನ್ನುನೋವಿನ 228 ರೋಗಿಗಳಲ್ಲಿ ವಿಲೋ ಸಾರವನ್ನು ರೋಫೆಕಾಕ್ಸಿಬ್ ಎಂಬ ಔಷಧಕ್ಕೆ ಹೋಲಿಸಿದಾಗ ಎರಡೂ ಸಮಾನವೆಂದು ಕಂಡುಬಂದಿತು. ಆದರೆ ಯಾರಿಗೆ ಯಾವುದು ಎಂಬುದು ಎಲ್ಲರಿಗೂ ತಿಳಿದಿದ್ದ ಮುಕ್ತ ಪರೀಕ್ಷೆ ಅದಾಗಿದ್ದುದರಿಂದ ಅದರ ತೂಕ ಕಡಿಮೆ. ಹೃದಯಾಘಾತದ ಅಪಾಯದ ಕಾರಣ ರೋಫೆಕಾಕ್ಸಿಬ್ ಅನ್ನು 2004ರಲ್ಲಿ ಮಾರುಕಟ್ಟೆಯಿಂದ ಹಿಂಪಡೆಯಲಾಯಿತು.

ಯುರೋಪಿಯನ್ ಔಷಧ ಸಂಸ್ಥೆಯ ಸಸ್ಯೌಷಧ ಸಮಿತಿಯು ಈ ಎಲ್ಲ ಪುರಾವೆಗಳನ್ನು ತೂಗಿ ನೋಡಿ ಎರಡು ಬಗೆಯ ಮಾನ್ಯತೆ ನೀಡಿದೆ. ನಿರ್ದಿಷ್ಟ ರೀತಿಯಲ್ಲಿ ತಯಾರಿಸಿದ ಮದ್ಯಸಾರದ ಒಣ ಸಾರವನ್ನು ಬೆನ್ನಿನ ಕೆಳಭಾಗದ ನೋವಿನಲ್ಲಿ ಅಲ್ಪಾವಧಿಯ ಚಿಕಿತ್ಸೆಗೆ "ಸುಸ್ಥಾಪಿತ ಬಳಕೆ" ಎಂದು ಒಪ್ಪಲಾಗಿದೆ. ಪುಡಿ ಮತ್ತು ಕಷಾಯಗಳಿಗೆ ದೀರ್ಘಕಾಲದ ರೂಢಿಯನ್ನು ಆಧರಿಸಿದ "ಸಾಂಪ್ರದಾಯಿಕ ಬಳಕೆ" ಎಂಬ ಕೆಳಹಂತದ ಮಾನ್ಯತೆ ಮಾತ್ರ ದೊರೆತಿದೆ.

ಸುರಕ್ಷತೆ

ಪರೀಕ್ಷೆಗಳಲ್ಲಿ ಅಡ್ಡ ಪರಿಣಾಮಗಳು ಹೆಚ್ಚಾಗಿ ಸೌಮ್ಯವಾಗಿದ್ದವು. ಹೊಟ್ಟೆಯ ತೊಂದರೆ ಮತ್ತು ಚರ್ಮದ ತುರಿಕೆ ಅವುಗಳಲ್ಲಿ ಮುಖ್ಯ. 2000ದ ಪರೀಕ್ಷೆಯಲ್ಲಿ ಒಬ್ಬ ರೋಗಿಗೆ ತೀವ್ರ ಅಲರ್ಜಿ ಉಂಟಾಯಿತು. ಆಸ್ಪಿರಿನ್‌ನಿಂದ ಉಬ್ಬಸ ಅಥವಾ ಅಲರ್ಜಿ ಆಗುವವರಿಗೆ ವಿಲೋ ತೊಗಟೆಯೂ ಅಪಾಯಕಾರಿ. ಜಠರದ ಹುಣ್ಣು ಇರುವವರು, ವಾರ್ಫರಿನ್‌ನಂತಹ ರಕ್ತ ಹೆಪ್ಪುಗಟ್ಟದಿರುವ ಔಷಧ ಸೇವಿಸುವವರು, ಮೂತ್ರಪಿಂಡದ ತೀವ್ರ ತೊಂದರೆ ಇರುವವರು ಮತ್ತು ಗರ್ಭಿಣಿಯರು, ವಿಶೇಷವಾಗಿ ಕೊನೆಯ ಮೂರು ತಿಂಗಳಲ್ಲಿ, ಇದನ್ನು ಸೇವಿಸಬಾರದು.

ವೈರಾಣು ಜ್ವರವಿರುವ ಮಕ್ಕಳಿಗೆ ಆಸ್ಪಿರಿನ್ ಕೊಟ್ಟಾಗ ಮಿದುಳು ಮತ್ತು ಯಕೃತ್ತಿಗೆ ಹಾನಿ ಮಾಡುವ ರೈ ಸಿಂಡ್ರೋಮ್ ವಿರಳವಾಗಿ ಕಾಣಿಸಿಕೊಳ್ಳುತ್ತದೆ. ಅದೇ ಎಚ್ಚರಿಕೆಯಿಂದ ಯುರೋಪಿನ ಸಮಿತಿಯು 18 ವರ್ಷದೊಳಗಿನವರಿಗೆ ವಿಲೋ ತೊಗಟೆಯನ್ನು ಶಿಫಾರಸು ಮಾಡುವುದಿಲ್ಲ. ಡೆಂಗಿ ಜ್ವರದಲ್ಲಿ ಪ್ಲೇಟ್‌ಲೆಟ್‌ಗಳು ಕಡಿಮೆಯಾಗಿ ರಕ್ತಸ್ರಾವದ ಸಂಭವವಿರುವುದರಿಂದ ಆಸ್ಪಿರಿನ್ ಬಗೆಯ ಔಷಧಗಳನ್ನು ಕೊಡಬಾರದೆಂಬುದು ವೈದ್ಯರ ಸ್ಪಷ್ಟ ಸೂಚನೆ. ಸ್ಯಾಲಿಸಿಲೇಟ್ ಇರುವ ತೊಗಟೆಗೂ ಇದು ಅನ್ವಯಿಸುತ್ತದೆ. ಮಳೆಗಾಲದಲ್ಲಿ ಜ್ವರ ಬಂದಾಗ ಅದು ಡೆಂಗಿಯೋ ಮಲೇರಿಯಾವೋ ಎಂಬುದು ರಕ್ತ ಪರೀಕ್ಷೆಯಿಂದಷ್ಟೇ ಖಚಿತವಾಗುತ್ತದೆ.